ಮೆಸ್ ಮೀಮಾಂಸೆ: ವಸತಿ ಕಾಲೇಜುಗಳ ಪದವಿ ಪಠ್ಯಕ್ರಮದ ಮೇಲೊಂದು ಶಾಸನಾಧಾರಿತ ಸಂಶೋಧನೆ

ಕನ್ನಡ ನಾಡಿನ ಹಳೆಯ ವಸತಿ ವಿದ್ಯಾಲಯಗಳಲ್ಲಿ ಏನೇನು ಕಲಿಸುತ್ತಿದ್ದರು ಎಂಬ ಬಗ್ಗೆ ಬೇಕಾದಷ್ಟು ಸಂಶೋಧನೆ ನಡೆದಿದೆ. ಕಲಿಯುವವರು ಎಲ್ಲಿ ಉಣ್ಣುತ್ತಿದ್ದರು, ಆ ಅಕ್ಕಿಗೆ ದುಡ್ಡು ಯಾರು ಕೊಡುತ್ತಿದ್ದರು ಎಂಬುದನ್ನು ಮಾತ್ರ ನಮ್ಮ ಪಂಡಿತರು ಅಡಿಟಿಪ್ಪಣಿಗೆ ತಳ್ಳಿ ಕೈತೊಳೆದುಕೊಂಡಿದ್ದಾರೆ. ಪ್ರಸ್ತುತ ಪ್ರಬಂಧ ಅಡಿಟಿಪ್ಪಣಿಯನ್ನು ಮೇಲಕ್ಕೆತ್ತುತ್ತದೆ. ನಮ್ಮ ಪ್ರತಿಜ್ಞೆ ಇಷ್ಟೇ: ವಸತಿ ಕಾಲೇಜಿನಲ್ಲಿ ಮೆಸ್ಸೊಂದೇ ಕೋರ್ ಪೇಪರ್, ವ್ಯಾಕರಣ, ತರ್ಕ, ಮೀಮಾಂಸೆ, ಬಿ.ಕಾಂ. ಮೊದಲಾದವೆಲ್ಲ ಓಪನ್ ಎಲೆಕ್ಟಿವ್. ಈ ಸಿದ್ಧಾಂತಕ್ಕೆ ವಿದ್ವಾಂಸರಿಂದ ಇದುವರೆಗೆ ಒಂದೂ ಆಕ್ಷೇಪ ಬಂದಿಲ್ಲ. ಅವರಾರಿಗೂ ನಾವಿದನ್ನು ತೋರಿಸಿಲ್ಲ.

ಸಂಶೋಧನಾ ವಿಧಾನದ ಬಗ್ಗೆ ಒಂದು ಮಾತು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ನ್ಯಾಯಶಾಸ್ತ್ರದ ಮೊದಲ ಪಾಠ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ ಎಂಬುದಕ್ಕೆ ನೈಯಾಯಿಕರು ಕೊಡುವ ದೃಷ್ಟಾಂತವಾದರೂ ಯಾವುದು? ಕುಲುಮೆಯಲ್ಲ, ಕಾಡ್ಗಿಚ್ಚಲ್ಲ, ಅಡುಗೆಮನೆ. ಶತಮಾನಗಳ ಕಾಲ ಗುರುಶಿಷ್ಯರು ಇದೊಂದೇ ಉದಾಹರಣೆಯನ್ನು ಹಿಡಿದು ವಾದಿಸಿದ್ದಾರೆ. ಪಾಠ ನಡೆಯುವಾಗ ಅವರ ಮೂಗು ಯಾವ ದಿಕ್ಕಿಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕೆ?

ಬೇಕು ಎನ್ನುವವರು ಸಾಲೋಟಗಿಗೆ ಬರಬೇಕು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಈ ಊರಿನಲ್ಲಿ 945ರಲ್ಲಿ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಒಂದು ಶಾಲೆ ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗೃಹಗಳಿದ್ದವು. ಇಪ್ಪತ್ತೇಳೇ ಏಕೆ? ನಕ್ಷತ್ರಗಳ ಲೆಕ್ಕ ಎಂದು ಪೂರ್ವಪಕ್ಷಿ ಹೇಳಬಹುದು. ಅದು ಸಲ್ಲದು. ಒಂದೇ ಮೆಸ್ಸಿನಲ್ಲಿ ಮಂಡ್ಯದವನನ್ನೂ ಬಾಗಲಕೋಟೆಯವನನ್ನೂ ಕೂರಿಸಿ ಮುದ್ದೆಯೋ ರೊಟ್ಟಿಯೋ ಎಂದು ಕೇಳಿದ ಯಾವ ವಾರ್ಡನ್‌ಗಾದರೂ ಇಪ್ಪತ್ತೇಳು ಕಡಿಮೆಯಾಯಿತೆಂದೇ ಅನ್ನಿಸುತ್ತದೆ. ದೀಪಕ್ಕೆಂದು 12 ನಿವರ್ತನ ಭೂಮಿ, ಮುಖ್ಯ ಗುರುವಿಗೆ 50 ನಿವರ್ತನ. ದೀಪದ ವಿಚಾರಕ್ಕೆ ಸೆಮಿನಾರಿನ ಸಂದರ್ಭದಲ್ಲಿ ಮತ್ತೆ ಬರುತ್ತೇವೆ.

ಇದನ್ನೆಲ್ಲ ಹೇಳುವ ಸಾಲೋಟಗಿ ಶಾಸನದ ನಿಜವಾದ ರತ್ನ ಅದರ ಶುಲ್ಕ ನಿಯಮ. ಊರಿನಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ ಸಲ್ಲಬೇಕು, ಉಪನಯನವಾದರೆ ಅದರ ಅರ್ಧ, ಚೌಲಕ್ಕೆ ಇನ್ನೂ ಕಡಿಮೆ. ಗಮನಿಸಿ: ಶುಲ್ಕ ಕೊಡುವವನು ಮದುವೆಯಾಗುವವನು, ಓದುವವನಲ್ಲ. ಇಂದು ಓದುವವನೇ ಸಾಲ ಮಾಡಿ ಶುಲ್ಕ ಕಟ್ಟುತ್ತಾನೆ. ಆ ಸಾಲ ತೀರುವ ತನಕ ಅವನಿಗೆ ಮದುವೆಯಾಗುವುದಿಲ್ಲ. ಎರಡು ಪದ್ಧತಿಗಳಲ್ಲಿ ಯಾವುದು ಹೆಚ್ಚು ಶಾಸ್ತ್ರೀಯ ಎಂಬುದನ್ನು ಹೆಣ್ಣು ಹೆತ್ತವರು ನಿರ್ಧರಿಸಲಿ. ಇನ್ನೂ ಒಂದು ಕಲಮಿದೆ. ಊರಿನಲ್ಲಿ ಯಾರಾದರೂ ಔತಣ ಮಾಡಿದರೆ ಶಾಲೆಯ ಗುರುಗಳು, ವಿದ್ಯಾರ್ಥಿಗಳು ಆದಷ್ಟು ಮಂದಿಗೆ ಉಣಬಡಿಸತಕ್ಕದ್ದು. ಹಾಸ್ಟೆಲ್ ಹುಡುಗರು ಗುರುತು ಪರಿಚಯವಿಲ್ಲದ ಮದುವೆಗೆ ಹೋಗಿ, ಹೆಣ್ಣಿನ ಕಡೆಯವರು ಕೇಳಿದರೆ ಗಂಡಿನ ಕಡೆಯೆಂದೂ ಗಂಡಿನ ಕಡೆಯವರು ಕೇಳಿದರೆ ಹೆಣ್ಣಿನ ಕಡೆಯೆಂದೂ ಹೇಳಿ ಎರಡನೇ ಪಂಕ್ತಿಯಲ್ಲಿ ಕೂರುವುದನ್ನು ಅಶಿಸ್ತು ಎಂದು ಬರೆದು ದಂಡ ಹಾಕುವ ವಾರ್ಡನ್‌ಗಳಿಗೆ ಶಾಸನಶಾಸ್ತ್ರದ ಗಂಧವಿಲ್ಲ. ಅದು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನ ಮೇಲೆ ಕೊರೆದ ಹಕ್ಕು.

ಇನ್ನು ಪಠ್ಯಕ್ರಮ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 1058ರ ಹೊತ್ತಿಗೆ ಕಲ್ಯಾಣದ ಚಾಲುಕ್ಯರ ದಂಡನಾಯಕ ಮಧುಸೂದನ ಘಟಿಕಾಶಾಲೆಯೊಂದನ್ನು ನಡೆಸುವ ಏರ್ಪಾಡು ಮಾಡಿದ. ವೇದ ಓದುವವರೇ 200 ಮಂದಿ. ಶಾಸ್ತ್ರಗಳಿಗೆ ಬೇರೆ ಗುರುಗಳು. ಅದರಲ್ಲೂ ಮೀಮಾಂಸೆಯ ಭಾಟ್ಟ ಮತ್ತು ಪ್ರಾಭಾಕರ ಎಂಬ ಎರಡು ಪಂಥಗಳಿಗೆ ಬೇರೆ ಬೇರೆ ಅಧ್ಯಾಪಕರು. ಒಂದೇ ವಿಭಾಗದಲ್ಲಿ ಒಬ್ಬರನ್ನೊಬ್ಬರು ಖಂಡಿಸುವ ಇಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಂಡದ್ದು ಏಕೆ? ಈಗಿನ ವಿಭಾಗಗಳಲ್ಲಿ ಈ ಕೆಲಸ ಹೆಚ್ಚುವರಿ ಖರ್ಚಿಲ್ಲದೆ ನಡೆಯುತ್ತದೆ ಎಂಬುದು ಬೇರೆ ಮಾತು.

ಉತ್ತರ ಸಾಂಬಾರಿನಲ್ಲಿದೆ. ನಿಖರವಾಗಿ ಹೇಳುವುದಾದರೆ, ಸಾಂಬಾರಿನಲ್ಲಿ ಇಲ್ಲದ್ದರಲ್ಲಿದೆ. ಹಾಸ್ಟೆಲ್ ವಿದ್ಯಾರ್ಥಿಯೊಬ್ಬ ಸೌಟನ್ನು ಪಾತ್ರೆಯ ತಳದವರೆಗೆ ಇಳಿಸಿ, ತಿರುವಿ, ಎತ್ತಿ ನೋಡಿ, “ತರಕಾರಿ ಇಲ್ಲ” ಎನ್ನುತ್ತಾನೆ. ಈ ‘ಇಲ್ಲ’ ಎಂಬ ಜ್ಞಾನ ಅವನಿಗೆ ಹೇಗೆ ಬಂತು? ನೈಯಾಯಿಕರ ಪ್ರಕಾರ ಅಭಾವವೂ ಒಂದು ಪದಾರ್ಥ. ಅದು ಕಣ್ಣಿಗೇ ಕಾಣುತ್ತದೆ. ಹೀಗಾಗಿ ಮೆಸ್ಸಿನವನು ತರಕಾರಿ ಬಡಿಸದಿದ್ದರೂ ಒಂದು ಪದಾರ್ಥವನ್ನಂತೂ ಬಡಿಸಿದಂತಾಯಿತು, ಬಿಲ್ಲಿಗೆ ಅಡ್ಡಿಯಿಲ್ಲ. ಭಾಟ್ಟರು ಇದನ್ನು ಒಪ್ಪುವುದಿಲ್ಲ: ಇಲ್ಲದ್ದು ಕಣ್ಣಿಗೆ ಕಾಣಲಾರದು, ಕಾಣಬೇಕಾದದ್ದು ಕಾಣದಿರುವುದೇ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣ. ಪ್ರಾಭಾಕರರು ಇನ್ನೂ ಗಟ್ಟಿಗರು. ಅಭಾವವೆಂಬ ವಸ್ತುವೇ ಇಲ್ಲ, ಕಾಣುತ್ತಿರುವುದು ಬರೀ ಸಾಂಬಾರು, ಅಷ್ಟೇ ಎಂದು ಮಾತು ಮುಗಿಸುತ್ತಾರೆ. ಮೆಸ್ ಕಂಟ್ರಾಕ್ಟರುಗಳು ಬಹುಪಾಲು ಪ್ರಾಭಾಕರರು. ವಿದ್ಯಾರ್ಥಿ ಪ್ರತಿನಿಧಿಗಳು ಚುನಾವಣೆಗೆ ಮುಂಚೆ ಭಾಟ್ಟರಾಗಿದ್ದು, ಮೆಸ್ ಕಮಿಟಿಗೆ ಸೇರಿದ ಮೇಲೆ ಪ್ರಾಭಾಕರರಾಗುತ್ತಾರೆ. ತಿಂಗಳ ಕೊನೆಗೆ ಡಿವೈಡಿಂಗ್ ಸಿಸ್ಟಮ್ಮಿನ ಬಿಲ್ಲು ನೋಟಿಸ್ ಬೋರ್ಡಿಗೆ ಬಿದ್ದಾಗ ಮೂರೂ ದರ್ಶನಗಳವರು ಒಂದೇ ದನಿಯಲ್ಲಿ ಕೂಗುತ್ತಾರೆ. ಭಾರತೀಯ ತತ್ತ್ವಶಾಸ್ತ್ರದಲ್ಲಿ ಇಂಥ ಸಮನ್ವಯ ಅಪರೂಪ.

ನಾಗಾವಿಯಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕ ಭಂಡಾರ ನೋಡಿಕೊಳ್ಳುವವರು, ಇದ್ದರು. ಆರು! ಈ ಅಂಕಿಯನ್ನು ಓದಿ ಸರ್ಕಾರಿ ಪದವಿ ಕಾಲೇಜಿನ ಪ್ರಾಂಶುಪಾಲರೊಬ್ಬರು ಕಲ್ಲು ಕೆತ್ತಿದವನು ಸೊನ್ನೆ ಹಾಕಲು ಹೋಗಿ ಜಾರಿರಬೇಕು ಎಂದರೆ ಅವರನ್ನು ದೂರುವಂತಿಲ್ಲ. ಅಧ್ಯಾಪಕರ ವಿಷಯದಲ್ಲಿ ವ್ಯತ್ಯಾಸ ಇನ್ನೂ ಸೂಕ್ಷ್ಮ. ಆಗ ಅಧ್ಯಾಪಕನಿಗೆ ಭೂಮಿ ಕೊಟ್ಟು ನೆಲೆ ಮಾಡಿಸುತ್ತಿದ್ದರು, ಪರಸ್ಥಳದಿಂದ ಬಂದ ವಿದ್ಯಾರ್ಥಿ ಅತಿಥಿಯಾಗಿದ್ದ. ಈಗ ವಿದ್ಯಾರ್ಥಿ ಊರಿನವನು, ಅಧ್ಯಾಪಕನೇ ಅತಿಥಿ. ಅತಿಥಿಯೆಂದರೆ ತಿಥಿ ನೋಡದೆ ಬರುವವನು ಎಂದು ಹಿಂದಿನವರು ಅರ್ಥ ಹೇಳುತ್ತಿದ್ದರು. ಅತಿಥಿ ಉಪನ್ಯಾಸಕನ ವಿಷಯದಲ್ಲಿ ತಿಥಿ ನೋಡದೆ ಬರುವುದು ಅವನ ಗೌರವಧನ ಮಾತ್ರ.

ಕೋರ್ಸುಗಳ ಪಟ್ಟಿಗಾಗಿಯೇ ಪ್ರಸಿದ್ಧವಾದದ್ದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠ. 1162ರ ಶಾಸನ ಅಲ್ಲಿನ ಪಠ್ಯವನ್ನು ಪ್ರಾಸ್ಪೆಕ್ಟಸ್ಸಿನ ಉತ್ಸಾಹದಲ್ಲಿ ಹೇಳುತ್ತದೆ: ಅಂಗಸಮೇತ ನಾಲ್ಕು ವೇದ, ಕೌಮಾರ, ಪಾಣಿನಿ, ಶಾಕಟಾಯನರ ವ್ಯಾಕರಣ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ, ಲಾಕುಲ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಕಾಳಾಮುಖ ಶೈವರ ಮಠದಲ್ಲಿ ಜೈನ ಶಾಕಟಾಯನನ ವ್ಯಾಕರಣವನ್ನೂ ಬೌದ್ಧರ ದರ್ಶನವನ್ನೂ ಕಲಿಸುತ್ತಿದ್ದರು. ಬಹುಶಿಸ್ತೀಯತೆ ಎಂದು ಈಗ ಸುತ್ತೋಲೆಯಲ್ಲಿ ಬರುವ ಮಾತು ಇದೇ. ಆಗ ಸುತ್ತೋಲೆ ಇರಲಿಲ್ಲವಾದ್ದರಿಂದ ಅದು ಜಾರಿಯಲ್ಲಿತ್ತು. ಈ ಪಟ್ಟಿಗೆ ಸರಿಸಮನಾಗಿ ಉಣ್ಣುವವರ ಪಟ್ಟಿಯೂ ಇದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಬಾರಿಸುವವರು, ಕುಣಿಯುವವರು, ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ಹಂಸ ಪರಮಹಂಸರು. ರೋಗಿಗಳಿಗೆ ಮದ್ದೂ ಉಂಟು. ಪಠ್ಯ ಎಷ್ಟು ವಿಸ್ತಾರವೋ ಪಂಕ್ತಿ ಅಷ್ಟೇ ವಿಸ್ತಾರ ಎಂಬ ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಶಾಸನಾಧಾರ ಬೇಡ.

ಪಂಕ್ತಿಯಲ್ಲಿ ಕೂತ ಎಲ್ಲರೂ ಪಾಠಕ್ಕೆ ಕೂರುತ್ತಿದ್ದರೇ ಎಂದು ಕೇಳಬಾರದು. ಅಗ್ರಹಾರ ಘಟಿಕಾಸ್ಥಾನಗಳ ಪ್ರವೇಶಾತಿ ಅರ್ಜಿಯಲ್ಲಿ ಜಾತಿಯ ಕಾಲಂ ಇರಲಿಲ್ಲ. ಅರ್ಜಿ ಹಾಕುವವರು ಒಂದೇ ಜಾತಿಯವರಾದಾಗ ಕಾಲಂ ಹಾಕುವುದು ಕಲ್ಲಿನ ದುಂದು. ಹೆಣ್ಣುಮಕ್ಕಳ ಹಾಸ್ಟೆಲ್ಲು ಸಾಲೋಟಗಿಯ ಆ ಇಪ್ಪತ್ತೇಳರಲ್ಲಿ ಎಷ್ಟನೆಯದು ಎಂದು ಹುಡುಕಹೊರಟ ಸಂಶೋಧಕಿಯರು ಇನ್ನೂ ಹಿಂದಿರುಗಿಲ್ಲ.

ಹೀಗಿರಲು ಆಧುನಿಕ ಪಠ್ಯಕ್ರಮದ ಗತಿಯೇನು? 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಕರ್ನಾಟಕದಲ್ಲಿ ಪದವಿ ನಾಲ್ಕು ವರ್ಷವಾಯಿತು. ಡಿಜಿಟಲ್ ಫ್ಲುಯೆನ್ಸಿ, ಹೆಲ್ತ್ ಅಂಡ್ ವೆಲ್‌ನೆಸ್, ಯೋಗ ಮುಂತಾದವು ಪಠ್ಯವಾಗಿ ಬಂದವು. 2024-25ಕ್ಕೆ ಪದವಿ ಪುನಃ ಮೂರು ವರ್ಷವಾಯಿತು. ಈ ಅವಧಿಯಲ್ಲಿ ಸೇರಿದ ಬ್ಯಾಚುಗಳು, ಅವುಗಳ ಹಿಂದಿನ ಬ್ಯಾಚು, ಅವುಗಳ ಮುಂದಿನ ಬ್ಯಾಚು ಒಂದೇ ಹಾಸ್ಟೆಲ್ ಕಾರಿಡಾರಿನಲ್ಲಿ ಬೇರೆ ಬೇರೆ ಪಠ್ಯಕ್ರಮಗಳನ್ನು ಓದಿವೆ. ಉಪ್ಪಿಟ್ಟು ಮಾತ್ರ ಬದಲಾಗಿಲ್ಲ. ನೀತಿಗಳು ಬಂದು ಹೋಗುವ ಕಡೆ ನಿತ್ಯವಾಗಿ ಉಳಿಯುವುದನ್ನೇ ಕೋರ್ ಎನ್ನಬೇಕು ಎಂಬುದು ನ್ಯಾಯ. ಕೋರ್ ಆದ ಮೇಲೆ ಅದಕ್ಕೂ ಕಲಿಕಾ ಫಲಿತ ಬರೆಯಬೇಕಲ್ಲ: ಈ ಉಪ್ಪಿಟ್ಟಿನ ಕೊನೆಯಲ್ಲಿ ವಿದ್ಯಾರ್ಥಿಯು ಕಾಂಕ್ರೀಟೆಂಬ ಅಡ್ಡಹೆಸರಿನ ಮೂಲವನ್ನು ವಿವರಿಸಲು, ತಟ್ಟೆಯನ್ನು ತಲೆಕೆಳಗು ಹಿಡಿದು ಅದನ್ನು ಪ್ರಯೋಗದಿಂದ ಸಾಧಿಸಲು, ಎಂಟೂವರೆಯೊಳಗೆ ದರ್ಶಿನಿಗೆ ಹೋಗಿ ಪರ್ಯಾಯವನ್ನು ವಿಮರ್ಶಾತ್ಮಕವಾಗಿ ಹೋಲಿಸಲು ಶಕ್ತನಾಗುತ್ತಾನೆ.

ಸೆಮಿನಾರಿಗೆ ಬರೋಣ. ನ್ಯಾಯಸೂತ್ರದ ಪರಂಪರೆಯಲ್ಲಿ ಚರ್ಚೆ ಮೂರು ಬಗೆ. ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದಷ್ಟೇ ವಿತಂಡ. ಮೂರಕ್ಕೂ ಎದುರಾಳಿ ಬೇಕು. ಎದುರಾಳಿಯೇ ಇಲ್ಲದೆ ಎರಡು ದಿನ ನಡೆಯುವ ನಾಲ್ಕನೆಯ ಬಗೆಯನ್ನು ಕಂಡುಹಿಡಿದ ಕೀರ್ತಿ ನಮ್ಮ ಕಾಲೇಜುಗಳದು. ಅದರ ಹೆಸರು ರಾಷ್ಟ್ರೀಯ ವಿಚಾರಸಂಕಿರಣ. ಇದರ ಲಕ್ಷಣಗಳು: ಪ್ರಾರ್ಥನೆ, ಸ್ವಾಗತ, ಸಸಿಗೆ ನೀರು, ಪ್ರಾಸ್ತಾವಿಕ ನುಡಿ ಎಂಬ ಹೆಸರಿನಲ್ಲಿ ಪೂರ್ಣ ಭಾಷಣ, ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ ಎಂಬ ಪ್ರಕಟಣೆ. ಆಮೇಲೆ ದೀಪ. ಸಾಲೋಟಗಿಯಲ್ಲಿ ಹನ್ನೆರಡು ನಿವರ್ತನದ ಉತ್ಪನ್ನದಿಂದ ಎಣ್ಣೆ ತಂದು ಹುಡುಗರು ಓದುವ ದೀಪ ಉರಿಸಿದರು. ನಮ್ಮ ದೀಪಕ್ಕೆ ಐದು ಬತ್ತಿ, ಐದು ಗಣ್ಯರು. ಫ್ಯಾನ್ ಆರಿಸಿ ಎಂದು ಯಾರೋ ಕೂಗುತ್ತಾರೆ, ಐದನೆಯವರ ಬತ್ತಿ ಹತ್ತುವ ಹೊತ್ತಿಗೆ ಮೊದಲನೆಯವರದು ಆರಿರುತ್ತದೆ, ಫೋಟೋ ಬಂದ ಮೇಲೆ ಎಲ್ಲವೂ.

ಪ್ರಬಂಧ ಮಂಡನೆ ಊಟದ ನಂತರ ಎಂಬುದು ನಮ್ಮ ವಾದಕ್ಕೆ ಪೂರಕ. ಪ್ರಮಾಣಪತ್ರವನ್ನು ಸಮಾರೋಪದಲ್ಲೇ ಕೊಡಬೇಕು, ಇಲ್ಲದಿದ್ದರೆ ಹೋಳಿಗೆಯ ಜೊತೆಗೆ ವಿದ್ವಾಂಸರೂ ಖಾಲಿಯಾಗುತ್ತಾರೆ ಎಂಬುದು ಸಂಘಟಕರ ಅನುಭವಸಿದ್ಧ ಸೂತ್ರ. ಕೊನೆಗೆ ಪ್ರಶ್ನೋತ್ತರದ ಸರದಿ ಬಂದಾಗ ಅಧ್ಯಕ್ಷರು, “ಸಮಯದ ಅಭಾವದಿಂದ” ಎಂದು ಶುರುಮಾಡುತ್ತಾರೆ. ಇಲ್ಲಿ ಅಭಾವವೊಂದು ಕಾರಣವಾಗಿ ನಿಂತು ಕಾರ್ಯವನ್ನು ಹುಟ್ಟಿಸಿದೆ. ನೈಯಾಯಿಕರು ಗೆದ್ದರು.

ಇನ್ನು ಮೌಲ್ಯಮಾಪನ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಬೆಂಗಳೂರಿನಲ್ಲಿ ಶುರುವಾದದ್ದು 1994ರಲ್ಲಿ. ಆ ಹೊತ್ತಿಗೆ ನಾಗಾವಿಯ ಕಡತ 936 ವರ್ಷಗಳಿಂದ ಬಾಕಿ. ಹಳೆಯದನ್ನೂ ಮೌಲ್ಯಮಾಪನ ಮಾಡಿದ್ದರೆ ಏಳು ಮಾನದಂಡಗಳಲ್ಲಿ ಹೆಚ್ಚಿನವು ಸಲೀಸು. ತೊಡಕಿರುವುದು ಹಳೆಯ ವಿದ್ಯಾರ್ಥಿಗಳ ಪ್ರಗತಿಯ ವಿವರದಲ್ಲಿ. ಮಯೂರಶರ್ಮನ ಪ್ರಕರಣ ನೋಡಿ. ಗುರು ವೀರಶರ್ಮನೊಡನೆ ಓದಲೆಂದು ಕಂಚಿಯ ಘಟಿಕೆಗೆ ಹೋದ, ಅಲ್ಲಿ ಪಲ್ಲವರ ಕುದುರೆಯವನೊಬ್ಬನೊಡನೆ ಜಗಳವಾಯಿತು, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ ಎಂದು ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಜಗಳದ ಕಾರಣದ ಬಗ್ಗೆ ಇತಿಹಾಸಕಾರರು ಪುಟಗಟ್ಟಲೆ ಬರೆದಿದ್ದಾರೆ. ಅದು ಊಟಕ್ಕೆ ಮುಂಚೆಯೋ ಆಮೇಲೆಯೋ ಎಂದು ಒಬ್ಬರೂ ಕೇಳಿಲ್ಲ. ಹೊಟ್ಟೆ ತುಂಬಿದ ವಿದ್ಯಾರ್ಥಿ ರಾಜ್ಯ ಕಟ್ಟಲು ಹೊರಡುವುದಿಲ್ಲ, ರೂಮಿಗೆ ಹೋಗಿ ಮಲಗುತ್ತಾನೆ. ಅದಿರಲಿ, ಅವನನ್ನು ಕಂಚಿಯ ಘಟಿಕೆ ಯಾವ ಕಾಲಂನಲ್ಲಿ ತುಂಬಬೇಕು? ಉನ್ನತ ವ್ಯಾಸಂಗವಲ್ಲ, ಕ್ಯಾಂಪಸ್ ಸಂದರ್ಶನವಲ್ಲ, ಸ್ಪರ್ಧಾತ್ಮಕ ಪರೀಕ್ಷೆಯಂತೂ ಅಲ್ಲ. ಅರ್ಧಕ್ಕೆ ಬಿಟ್ಟವರು ಎಂದರೆ ಅಂಕ ಹೋಗುತ್ತದೆ. ಬಹಳ ಚರ್ಚೆಯ ನಂತರ ನಾವು ‘ಸ್ವಯಂ ಉದ್ಯೋಗ’ ಎಂದು ನಮೂದಿಸಲು ಶಿಫಾರಸು ಮಾಡುತ್ತೇವೆ. ಜಿಯೋಟ್ಯಾಗ್ ಮಾಡಿದ ಫೋಟೋ ಲಗತ್ತಿಸಬೇಕು ಎಂದರೆ ತಾಳಗುಂದಕ್ಕೆ ಹೋಗಿ ತೆಗೆದುಕೊಳ್ಳಬಹುದು, ಕಂಬ ಅಲ್ಲೇ ಇದೆ. ಆದರೆ ಅದರಲ್ಲಿ ಪ್ರಾಂಶುಪಾಲರ ಸಹಿಯಿಲ್ಲ.