ಮೂತ್ರಕೋಶ (ಮಹಿಳಾ ಮಾದರಿ): ಬಳಕೆಯ ಸೂಚನೆಗಳು

ಇದು ಹುಟ್ಟುವಾಗಲೇ ಕೂಡಿಸಿಕೊಟ್ಟ ಸಾಮಾನು. ಹಳೆಯದನ್ನು ತಂದರೆ ಹೊಸದು ಕೊಡುವ ಪದ್ಧತಿ ಇಲ್ಲ. ಹಿಡಿಸುವುದು ಸುಮಾರು 400ರಿಂದ 500 ಮಿ.ಲೀ. ಅರ್ಧ ತುಂಬುವ ಹೊತ್ತಿಗೇ ಸೂಚನೆ ಕೊಡುತ್ತದೆ. ಆಗ ತಡೆದುಕೊಳ್ಳಿ. ಕರ್ನಾಟಕದ ಶಕ್ತಿ ಯೋಜನೆಯಲ್ಲಿ ಹೆಂಗಸರು ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಎಷ್ಟೋ ನಿಲ್ದಾಣಗಳಲ್ಲಿ ಶೌಚಾಲಯಕ್ಕೆ ಚಿಲ್ಲರೆ ಬೇಕು. ಕೊಟ್ಟು ಒಳಗೆ ಹೋದರೆ ಚಿಲಕ ಇರುವುದಿಲ್ಲ.

ದೋಷ ಕಾಣಿಸಿಕೊಳ್ಳುವುದು ಹೀಗೆ: ಅವಸರವಾಗುತ್ತದೆ, ಕೂತರೆ ಬರುವುದಿಲ್ಲ. ತಿಣುಕಿದರೆ ಸ್ವಲ್ಪ ಬರುತ್ತದೆ. ಎದ್ದ ಮೇಲೆ ಇನ್ನೂ ಇದೆ ಅನ್ನಿಸುತ್ತದೆ. ಯಾರಿಗೂ ಹೇಳಬೇಡಿ. ಹೇಳಿದರೆ ಅತ್ತೆ ‘ಉಷ್ಣ’ ಎನ್ನುತ್ತಾರೆ, ಪಕ್ಕದ ಮನೆಯವರೂ ಉಷ್ಣವೆಂದೇ ಖಚಿತಪಡಿಸುತ್ತಾರೆ. ಎಳನೀರು, ಬಾರ್ಲಿ ನೀರು ಕುಡಿಯಿರಿ. ನಲ್ಲಿ ಬಿಗಿದಿರುವಾಗ ಟ್ಯಾಂಕ್ ತುಂಬಿಸಿ ಏನು ಪ್ರಯೋಜನ ಎಂದು ಮಾತ್ರ ಕೇಳಬೇಡಿ, ಹಿರಿಯರಿಗೆ ಬೇಜಾರಾಗುತ್ತದೆ.

ಆಸ್ಪತ್ರೆಗೆ ಹೋಗುವ ದುಸ್ಸಾಹಸ ಮಾಡಿದರೆ ಮೊದಲು ಮೂತ್ರ ಪರೀಕ್ಷೆ. ಸೋಂಕಿದ್ದರೆ ಅದಕ್ಕೆ ತಕ್ಕ ಔಷಧಿ, ಕಳೆದ ಸಲ ಉಳಿದ ಮಾತ್ರೆಯಲ್ಲ. ಆಮೇಲೆ ಮೂತ್ರಕ್ಕೆ ಹೋಗಿಬಂದ ತಕ್ಷಣ ಸ್ಕ್ಯಾನಿಂಗ್. ಒಳಗೆ ಉಳಿದದ್ದು 50 ಮಿ.ಲೀ.ಗಿಂತ ಕಡಿಮೆಯಿದ್ದರೆ ಸರಿ, 200 ದಾಟಿದರೆ ಕಾರಣ ಹುಡುಕಬೇಕು. (ಸರದಿಯಲ್ಲಿ ಹೊಟ್ಟೆ ಬಿರಿಯುವಂತೆ ತಡೆದು ಕೂತಿದ್ದರೆ ಲೆಕ್ಕ ಹೆಚ್ಚು ತೋರಿಸಬಹುದು.) ಕೆಲವು ನೆಗಡಿ ಮಾತ್ರೆ, ಮಲಬದ್ಧತೆ, ಹಳೆಯ ಸಕ್ಕರೆ ಕಾಯಿಲೆ, ಇತ್ತೀಚಿನ ಹೆರಿಗೆ, ಯಾವುದು ಬೇಕಾದರೂ ಕಾರಣವಾಗಬಹುದು.

ಗರ್ಭಕೋಶ ಜಾರಿರುವುದೂ ಕಾರಣವಿರಬಹುದು. ಕೈಯಿಂದ ಮೇಲಕ್ಕೆ ತಳ್ಳಿಕೊಂಡರೆ ಮಾತ್ರ ಮೂತ್ರ ಹೋಗುತ್ತದೆ ಎಂಬುದನ್ನು ಗಂಡನಿಗೂ ತಿಳಿಸದೆ ವರ್ಷಗಟ್ಟಲೆ ಗದ್ದೆ ನಾಟಿ ಮಾಡಿದವರಿದ್ದಾರೆ. ಅನೇಕರಿಗೆ ಒಳಗೆ ಕೂರಿಸುವ ಒಂದು ಸಿಲಿಕೋನ್ ಉಂಗುರ ಸಾಕಾಗುತ್ತದೆ, ಆಪರೇಷನ್ನೇ ಬೇಕೆಂದಿಲ್ಲ. ಆದರೆ ಉಂಗುರ ಕೊಡುವವರಿಗೆ ವಿಷಯ ಗೊತ್ತಾಗಬೇಕಲ್ಲ.

ಕೂರುವ ಕ್ರಮವನ್ನೂ ಬರೆದುಬಿಡುತ್ತೇನೆ. ಕಮೋಡ್ ಗಲೀಜೆಂದು ಅರ್ಧ ನಿಂತು ಹೋದರೆ ಕಿಬ್ಬೊಟ್ಟೆಯ ತಳದ ಸ್ನಾಯು ಸಡಿಲವಾಗುವುದಿಲ್ಲ. ಪೂರ್ತಿ ಕೂತು, ಪಾದ ಊರಿ, ಮುಂದಕ್ಕೆ ಬಾಗಿ. ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿ. ಇದ್ಯಾವುದಕ್ಕೂ ಬಗ್ಗದಿದ್ದರೆ ತೆಳು ಕ್ಯಾಥೆಟರ್ ನಳಿಕೆಯನ್ನು ನೀವೇ ಹಾಕಿಕೊಳ್ಳುವುದನ್ನು ನರ್ಸ್ ಕಲಿಸುತ್ತಾರೆ. ಹೆಣ್ಣಿನ ಮೂತ್ರನಾಳ ಸುಮಾರು 4 ಸೆಂ.ಮೀ. ಅಷ್ಟೆ, ಕೇಳಿದಾಗ ಆಗುವಷ್ಟು ಭಯ ಕಲಿತ ಮೇಲೆ ಇರುವುದಿಲ್ಲ.

ಎಚ್ಚರಿಕೆ: ಮೂತ್ರ ಪೂರ್ತಿ ಕಟ್ಟಿ ಕಿಬ್ಬೊಟ್ಟೆ ಉಬ್ಬಿದರೆ, ಚಳಿಜ್ವರದೊಂದಿಗೆ ಬೆನ್ನಿನ ಪಕ್ಕ ನೋವು ಬಂದರೆ, ತೊಡೆಸಂದು ಮರಗಟ್ಟಿದರೆ ಈ ಕೈಪಿಡಿ ಬದಿಗಿಟ್ಟು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊರಡಿ. ಕುಕ್ಕರ್ ಕೂಗಿದರೆ ಮನೆಯ ಗಂಡಸರು ಒಲೆ ಆರಿಸಲಿ.