ಭಾವನ ಎರಡು ಕ್ಯಾಮೆರಾ

ನಮ್ಮ ಭಾವನ ಕುತ್ತಿಗೆಯಲ್ಲಿ ಒಂದು ಕ್ಯಾಮೆರಾ, ಅಂಗಿಯ ಜೇಬಿನಲ್ಲಿ ಇನ್ನೊಂದು. ಕುತ್ತಿಗೆಯದು ಮಿರರ್‌ಲೆಸ್, ಫುಲ್‌ಫ್ರೇಮ್. ಲೆನ್ಸುಗಳ ಸಮೇತ ಅದರ ಬೆಲೆ ಎಷ್ಟೆಂದು ಅಕ್ಕನಿಗೆ ಇನ್ನೂ ಹೇಳಿಲ್ಲ. ಜೇಬಿನದು ನೀರಿಗೆ ಬಿದ್ದರೂ ಜಗ್ಗದ ವಾಟರ್‌ಪ್ರೂಫ್ ಕಾಂಪ್ಯಾಕ್ಟ್. ಎರಡೂ ಯಾವ ಕಂಪನಿಯವು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಭಾವ ಫೋನ್ ಮಾಡಿ, ಉಳಿದ ಕಂಪನಿಯವನ್ನು ಯಾಕೆ ಹೋಲಿಸಲಿಲ್ಲ ಅಂತ ಕೇಳುತ್ತಾರೆ. ಆ ಕರೆ ಊಟಕ್ಕೆ ಎಬ್ಬಿಸುವ ತನಕ ಮುಗಿಯುವುದಿಲ್ಲ.

ಈ ಕುಲದವರು ಎಲ್ಲ ಊರಲ್ಲೂ ಇದ್ದಾರೆ. ಮದುವೆ ಮನೆಯಲ್ಲಿ ಮಾಂಗಲ್ಯ ಕಟ್ಟುವ ಹೊತ್ತಿಗೆ ವಧೂವರರನ್ನು ಬಿಟ್ಟು ಫೋಟೊಗ್ರಾಫರನ ಕೈ ನೋಡುತ್ತ ನಿಂತಿರುತ್ತಾರೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಒಂದೇ ದಾಸವಾಳದ ಮುಂದೆ ಕುಕ್ಕರಗಾಲಲ್ಲಿ ಕೂತು ಸಾಲಿನವರ ಶಾಪ ತಿನ್ನುತ್ತಾರೆ. ಇವರು ತೆಗೆದ ಚಿತ್ರ ನೋಡಿ 'ಚೆನ್ನಾಗಿದೆ' ಅಂದರೆ ಮುಖ ಸಪ್ಪೆಯಾಗುತ್ತದೆ. 'ಐಎಸ್‌ಓ ಎಷ್ಟಿಟ್ಟಿದ್ರಿ?' ಅಂದರೆ ನಿಮಗೆ ಕಾಫಿ ಸಿಗುತ್ತದೆ.

ಭಾವ ಬೆಂಗಳೂರಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು. ಜಮಾ ಒಂದು ಬದಿ, ಖರ್ಚು ಒಂದು ಬದಿ ಬರೆದು ತಾಳೆ ನೋಡುವ ಚಟ ನಿವೃತ್ತಿಯ ಮೇಲೂ ಬಿಡಲಿಲ್ಲ. ಈಗ ಎಕ್ಸೆಲ್ ಹಾಳೆಯ ಎಡಕ್ಕೆ ದೊಡ್ಡದು, ಬಲಕ್ಕೆ ಚಿಕ್ಕದು. ಬಣ್ಣ, ಅಂಚಿನ ಚೂಪು, ನೆರಳಿನ ವಿವರ, ಫೋಕಸ್ ಹಿಡಿಯುವ ವೇಗ, ಎಲ್ಲಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. 'ಮುಖಭಾವ' ಅಂತಲೂ ಒಂದು ಸಾಲಿದೆ. ಅದರಲ್ಲಿ ಮಾತ್ರ ಯಾವಾಗಲೂ ಚಿಕ್ಕದೇ ಗೆಲ್ಲುತ್ತಿತ್ತು. ಬಡ ಕಾಂಪ್ಯಾಕ್ಟು ಲಕ್ಷಗಟ್ಟಲೆಯ ಯಂತ್ರವನ್ನು ಹೀಗೆ ಸೋಲಿಸುವುದು ಭಾವನಿಗೆ ದೊಡ್ಡ ಒಗಟು. ಪ್ರೊಸೆಸರಿನ ಗುಣವಿರಬಹುದು ಅಂತ ಪಕ್ಕದಲ್ಲಿ ಷರಾ ಬರೆದು, ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದ್ದರು.

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ಅವರು ಬರುವುದು ಆಷಾಢದಲ್ಲಿ. ಉಳಿದ ಅಳಿಯಂದಿರು ಹಲಸು ಮಾವಿನ ಕಾಲಕ್ಕೆ ಬಂದು ತಿಂದು ಹೋದರೆ, ಇವರು ಬಟ್ಟೆ ಒಣಗದ, ದಾರಿ ಜಾರುವ, ಕರೆಂಟು ಇಲ್ಲದ ತಿಂಗಳನ್ನೇ ಆರಿಸಿಕೊಂಡು ಬರುತ್ತಾರೆ. ಮಳೆಯೇ ಇಲ್ಲದಿದ್ದರೆ ವಾಟರ್‌ಪ್ರೂಫಿಗೆ ಅಂಕ ಕೊಡುವುದು ಹೇಗೆ?

ಬಂದ ದಿನವೇ ಒಣ ಜಾಗದ ಹುಡುಕಾಟ. ಲೆನ್ಸಿನೊಳಗೆ ಬೂಷ್ಟು ಹಿಡಿದರೆ ಕಥೆ ಮುಗಿಯಿತು. ಬೆಂಗಳೂರಲ್ಲಾದರೆ ತೇವ ಅಳೆದು ಕಾಯುವ ಕಪಾಟಿದೆ, ಇಲ್ಲಿ ಗೋಡೆಯೇ ಬೆವರುತ್ತದೆ. ಇಡೀ ಮನೆಯಲ್ಲಿ ಒಣಗಿದ ಜಾಗ ಒಂದೇ, ಒಲೆಯ ಮೇಲಿನ ಅಟ್ಟದಲ್ಲಿ ಅಜ್ಜಿ ಹಲಸಿನ ಹಪ್ಪಳ ಇಡುವ ದೊಡ್ಡ ತಗಡಿನ ಡಬ್ಬಿ. ಅದರೊಳಗೆ ಹಪ್ಪಳ ಒಂದು ಪಕ್ಕಕ್ಕೆ ಸರಿದು ಫುಲ್‌ಫ್ರೇಮಿಗೆ ಜಾಗ ಬಿಟ್ಟಿತು. ಆ ಕ್ಯಾಮೆರಾಕ್ಕೆ ಕಣ್ಣಿಟ್ಟರೆ ಈಗಲೂ ಇಂಗು ಜೀರಿಗೆಯ ವಾಸನೆ ಬರುತ್ತದೆ.

ಚಿಕ್ಕದರ ಆರೈಕೆ ಇನ್ನೊಂದು ಬಗೆ. ಅದರ ಬ್ಯಾಟರಿ ಬಾಗಿಲಿಗೆ ಸಣ್ಣ ರಬ್ಬರ್ ಪಟ್ಟಿ ಇದೆ; ನೀರು ಒಳಗೆ ಹೋಗದಂತೆ ತಡೆಯುವುದು ಅದೇ. ಅದರ ಮೇಲೆ ಒಂದು ಮರಳಿನ ಕಣವೋ ಒಂದು ಕೂದಲೋ ಕೂತರೆ ಸಾಕು, ವಾಟರ್‌ಪ್ರೂಫ್ ಅನ್ನುವುದು ಬರೀ ಹೆಸರಿಗೆ. ಭಾವ ಮೃದುವಾದ ಬ್ರಷ್ಷಿನಿಂದ ಅದನ್ನು ಸವರುತ್ತ ಕೂತಾಗ ಅಕ್ಕ ಜಗಲಿಗೆ ಬಂದು ತಲೆ ಬಾಚುವಂತಿಲ್ಲ. ಮದುವೆಯಾದ ಹೊಸತರಲ್ಲಿ ಅದೇ ಕೂದಲನ್ನು ಹೊಗಳಿ ಪತ್ರ ಬರೆದಿದ್ದರಂತೆ.

2019ರಲ್ಲಿ ಬಂದ ಒಲಿಂಪಸ್ ಟಿಜಿ-6ನಂಥವುಗಳ ಗುಣವಿಶೇಷ ಅವರಿಗೆ ಸಂಧ್ಯಾವಂದನೆಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ. 15 ಮೀಟರ್ ಆಳದ ನೀರು, 2.1 ಮೀಟರ್ ಎತ್ತರದಿಂದ ಬೀಳುವುದು, ಮೈನಸ್ 10 ಡಿಗ್ರಿ ಚಳಿ, 100 ಕೆ.ಜಿ. ಭಾರ, ಎಲ್ಲ ತಡೆಯುತ್ತದೆ. ಭಾರದ ಪರೀಕ್ಷೆಗೆ ನಮ್ಮ ಚಿಕ್ಕಪ್ಪ ಕೂತು ತೋರಿಸಲು ಮುಂದೆ ಬಂದರು. ಭಾವ ಒಪ್ಪಲಿಲ್ಲ. ಅಷ್ಟೇ ಯಾಕೆ, ನಾಲ್ಕು ಹನಿ ಬಿದ್ದರೆ ಅದೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಜಿಪ್ ಎಳೆಯುತ್ತಾರೆ. ನೀರಲ್ಲಿ ಮುಳುಗಿಸಬಹುದಾದ ವಸ್ತು ಮಳೆಯಲ್ಲಿ ನೆನೆಯಬಾರದು. ಇದಕ್ಕೆ ಅವರ ಹತ್ತಿರ ಕಾರಣವೂ ಇದೆ, ನಾನು ಪೂರ್ತಿ ಕೇಳಿಸಿಕೊಂಡಿಲ್ಲ.

ಅಜ್ಜಿ ಒಮ್ಮೆ ನೇರವಾಗಿಯೇ ಕೇಳಿದಳು: "ಒಂದೇ ಕಣ್ಣಿಗೆ ಎರಡು ಯಂತ್ರ ಯಾಕೆ?"

ಭಾವ ಉತ್ಸಾಹದಿಂದ ನೆಲಕ್ಕೇ ಕೂತರು. ಚಿಕ್ಕದರೊಳಗಿನ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ದೊಡ್ಡದರದು 36ಕ್ಕೆ 24. ಗುಣಿಸಿದರೆ ಮೂವತ್ತು ಪಟ್ಟು ದೊಡ್ಡದು. "ಅಜ್ಜಿ, ಮಳೆಗೆ ಅಂಗಳದಲ್ಲಿ ಹಂಡೆ ಇಟ್ರೆ ನೀರು ಎಷ್ಟು ತುಂಬುತ್ತೆ? ಲೋಟ ಇಟ್ರೆ ಎಷ್ಟು? ಬೆಳಕೂ ಹಾಗೇ. ಮೋಡ ಕವಿದಾಗ ಹಂಡೆ ಬೇಕು."

"ಸರಿ. ಆದರೆ ಬಾಯಾರಿದಾಗ ಹಂಡೆ ಎತ್ತಿ ಕುಡಿಯೋರು ಯಾರು?"

ನಿಜ ಹೇಳಬೇಕೆಂದರೆ ಇಡೀ ಎಕ್ಸೆಲ್ ಹಾಳೆಯ ಸಾರ ಇಷ್ಟೇ. ಕಾಡಿನ ಕತ್ತಲೆಗೆ ದೊಡ್ಡದರ ಮುಂದೆ ಇನ್ನೊಂದಿಲ್ಲ; ಅಲ್ಲಿ ಚಿಕ್ಕದರಲ್ಲಿ ತೆಗೆದರೆ ಚಿತ್ರದ ತುಂಬ ರವೆ ಚೆಲ್ಲಿರುತ್ತದೆ. ಆದರೆ ಎಲೆಯ ಮೇಲಿನ ಕಪ್ಪೆಮರಿಯ ಹತ್ತಿರಕ್ಕೆ, ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರಕ್ಕೆ ಹೋಗಿ, ಮೂತಿಯಿಂದ ಹಿಂಗಾಲಿನ ತನಕ ಸ್ಪಷ್ಟವಾಗಿ ತೆಗೆಯುವುದು ಚಿಕ್ಕದರ ವಿದ್ಯೆ. ಸೆನ್ಸರ್ ಸಣ್ಣದಿದ್ದಷ್ಟೂ ಫೋಕಸಿನ ಆಳ ಹೆಚ್ಚು. ಭಾವನೂ ಇದನ್ನು ಒಪ್ಪುತ್ತಾರೆ. ಒಪ್ಪಿದ ಮೇಲೂ ನಿಲ್ಲಿಸುವುದಿಲ್ಲ ಅನ್ನುವುದೇ ನನ್ನ ತಕರಾರು.

ಕುಂಬಾರ ಕಪ್ಪೆಯ ರಾತ್ರಿಯಂತೂ ನಾನು ಮರೆಯುವ ಹಾಗಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಒಂದು ಕಪ್ಪೆ ಇದೆ. 2014ರಲ್ಲಷ್ಟೇ ವಿಜ್ಞಾನಿಗಳು ಅದಕ್ಕೆ 'ಕುಂಬಾರ' ಅಂತಲೇ ಹೆಸರಿಟ್ಟರು. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಮುಂಗಾಲಲ್ಲಿ ಕೆಸರು ಎತ್ತಿ ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಅನುಮತಿ ಪಡೆದು ಕೆಲಸ ಮಾಡುತ್ತಿದ್ದ ಸಂಶೋಧಕ ಹುಡುಗರ ಜೊತೆ ಹೋಗುವ ಯೋಗ ಒದಗಿತು. ಜೋಗ ದಾಟಿ ಹೊನ್ನಾವರದ ದಾರಿ ಹಿಡಿದ ಕಾರಿನಲ್ಲಿ ಎಸಿ. ಗಾಜಿಗೆ ಮಂಜು ಕೂರಬಾರದಲ್ಲ. ದಾರಿಯುದ್ದಕ್ಕೂ ಪಾಠ. ನೀರಲ್ಲಿ ಮುಳುಗುವ ಕ್ಯಾಮೆರಾಗಳ ಮೂಲಪುರುಷ ಕ್ಯಾಲಿಪ್ಸೊ, ಜಾಕ್ ಕುಸ್ತೋಗಾಗಿ ಜಾನ್ ದ ವೂಟರ್ಸ್ ರೂಪಿಸಿದ್ದು. ಅದನ್ನೇ ನಿಕಾನ್ 1963ರಲ್ಲಿ ನಿಕಾನೊಸ್ ಅಂತ ತಂದಿತು. ಮಿರರ್‌ಲೆಸ್ಸಿನ ಕತೆ 2008ರ ಪ್ಯಾನಸಾನಿಕ್ ಜಿ1ನಿಂದ ಶುರು. ಮುಂದೆ ಅದು ಬೆಳೆದು ಭಾವನ ಕುತ್ತಿಗೆಗೆ ಬಂದು ಸೇರುವ ಹೊತ್ತಿಗೆ ಕತ್ತಲೆಕಾನು ಬಂತು.

ಬಾಗಿದ ಬೇರುಗಳ ಮಧ್ಯೆ, ಮೊಣಕಾಲು ಮುಳುಗುವ ಕೆಸರಿನಲ್ಲಿ, ಸಾಕ್ಸಿನೊಳಗೆ ಉಂಬಳಗಳ ಜೊತೆ ನಿಂತೆವು. ಹುಡುಗರಲ್ಲೊಬ್ಬ ಪಿಸುಗುಟ್ಟಿದ: "ಸರ್, ಶುರು ಮಾಡಿದೆ."

ಭಾವ ದೊಡ್ಡದನ್ನು ಎತ್ತಿದರು. ಎಸಿಯ ತಂಪಿನಿಂದ ಬಂದ ಗಾಜು ಕಾಡಿನ ಹಬೆಗೆ ಹಾಲಿನಷ್ಟು ಬೆಳ್ಳಗಾಗಿತ್ತು. ಒರೆಸಿದರು, ಮತ್ತೆ ಕೂತಿತು. ಅದರ ಮೇಲೆ ಮ್ಯಾಕ್ರೊ ಲೆನ್ಸ್ ಚೀಲದಲ್ಲಿ. ಮಳೆಯಲ್ಲಿ ಲೆನ್ಸ್ ಬಿಚ್ಚಿದರೆ ಸೆನ್ಸರಿಗೆ ಹನಿ ಬೀಳುತ್ತದೆ. "ಕೊಡೆ ಹಿಡಿ ಮಾರಾಯ!" ಹಿಡಿದೆ. ಕೊಡೆ ಕ್ಯಾಮೆರಾಕ್ಕೆ, ಮಳೆ ನನಗೆ. ಬೇಡ, ಚಿಕ್ಕದೇ ವಾಸಿ ಅಂತ ಜೇಬಿಗೆ ಕೈ ಹಾಕಿದರೆ ಪ್ಲಾಸ್ಟಿಕ್ ಕವರಿನ ಜಿಪ್ಪು ಒದ್ದೆ ಬೆರಳಿಗೆ ಬಗ್ಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದರು.

"ಭಾವ, ಯಾವುದಾದ್ರೂ ಒಂದರಲ್ಲಿ ತೆಗೀರಿ!"

"ಒಂದರಲ್ಲೇ ತೆಗೆದ್ರೆ ಹೋಲಿಸೋದು ಯಾವುದಕ್ಕೆ?"

ಅಷ್ಟರಲ್ಲಿ ಆ ಪುಟ್ಟ ಗಂಡು, ಟಾರ್ಚಿನ ಬೆಳಕಿನಂಚಿನಲ್ಲಿ, ಎರಡೂ ಕೈಯಲ್ಲಿ ಕೆಸರು ತಂದು, ಅಷ್ಟಷ್ಟೇ ಒತ್ತಿ, ಸವರಿ, ಇನ್ನೊಂದಿಷ್ಟು ತರಲು ತಿರುಗಿ, ಮತ್ತೆ ಬಂದು, ತನ್ನ ಕೆಲಸ ಮುಗಿಸಿ ನೀರಿಗಿಳಿದು ಹೋಯಿತು. ಕ್ಯಾಮೆರಾ ಇಲ್ಲದ ನಾನು ಪೂರ್ತಿ ನೋಡಿದೆ. ಭಾವನಿಗೆ ದಕ್ಕಿದ್ದು ಕೆಸರು ಮೆತ್ತಿದ ಮೊಟ್ಟೆ. ಎರಡರಲ್ಲೂ ತೆಗೆದರು. ಹಾಳೆಯಲ್ಲಿ ಆ ರಾತ್ರಿಯ ನಮೂದು: 'ಕೆಸರಿನ ವಿವರ: ದೊಡ್ಡದು ಮೇಲು.'

ವಾಪಸು ಬರುವಾಗ ನಾನು ಸ್ವಲ್ಪ ಖಾರವಾಗಿಯೇ, ತೇಜಸ್ವಿ ಮೂಡಿಗೆರೆಯ ಮಳೆಯಲ್ಲಿ ಫಿಲ್ಮ್ ಹಾಕಿಕೊಂಡೇ ಹಕ್ಕಿಗಳ ಫೋಟೊ ತೆಗೀಲಿಲ್ವಾ ಭಾವ, ಅಂದೆ. "ಅವರ ಕಾಲಕ್ಕೆ ಹೋಲಿಸೋಕೆ ಇದ್ದದ್ದೇ ಕಡಿಮೆ, ಪುಣ್ಯವಂತರು," ಅಂದರು. ಹೊಟ್ಟೆಕಿಚ್ಚಿಲ್ಲದೆ, ನಿಜವಾದ ಆಸೆಯಿಂದಲೇ ಅಂದರು. ನನಗೆ ಬಯ್ಯಲು ಬಾಯಿ ಬರಲಿಲ್ಲ.

ಚರ್ಮದ ಬಣ್ಣ ಯಾವುದರಲ್ಲಿ ಸರಿಯಾಗಿ ಬರುತ್ತದೆ ಅನ್ನುವ ಪರೀಕ್ಷೆಗೆ ಭಾವ ಆರಿಸಿಕೊಂಡಿದ್ದು ಅಜ್ಜಿಯನ್ನು. ಪ್ರತಿ ಆಷಾಢದಲ್ಲೂ ಜಗಲಿಯ ಅದೇ ಕಂಬ, ಅದೇ ಮಣೆ. ಅಜ್ಜಿ ಸೆರಗು ಸರಿಮಾಡಿಕೊಂಡು, ತುಟಿ ಬಿಗಿದು ಕೂರುತ್ತಿದ್ದಳು. ದೊಡ್ಡದು ಕ್ಲಿಕ್ ಅನ್ನುತ್ತಿತ್ತು. "ಮುಗೀತಾ?" ಅನ್ನುತ್ತಿದ್ದಳು. "ಇನ್ನೊಂದು ಅಜ್ಜಿ," ಅಂತ ಭಾವ ಜೇಬಿಗೆ ಕೈ ಹಾಕುತ್ತಿದ್ದರು. ಹೋದ ವರ್ಷಕ್ಕಿಂತ ನಾನೇನು ಬದಲಾಗಿದೀನಿ ಅಂತಲೋ, ಇವರಿಗೆ ಬೇರೆ ಕೆಲಸ ಇಲ್ಲ ಅಂತಲೋ ಅವಳು ಏನಾದರೂ ಅಂದು ಏಳುತ್ತಿದ್ದಳು.

ಅಜ್ಜಿ ಹೋದಾಗ ವೈಕುಂಠ ಸಮಾರಾಧನೆಗೆ ಕಟ್ಟು ಹಾಕಿಸಲು ಒಂದು ಫೋಟೊ ಬೇಕಿತ್ತು. ಭಾವನ ಹತ್ತಿರ ಫೋಲ್ಡರುಗಟ್ಟಲೆ ಇತ್ತು. ಅವರು ಲ್ಯಾಪ್‌ಟಾಪಿನ ಮುಂದೆ ಕೂತು ಜೋಡಿ ಜೋಡಿಯಾಗಿ ತೆರೆದು ಮೂಲೆ ಹಿಗ್ಗಿಸಿ ನೋಡುತ್ತಲೇ ಇದ್ದರು. ಹದಿಮೂರನೆಯ ದಿನವೂ ಬಂತು. ಕೊನೆಗೆ ಚಿಕ್ಕಪ್ಪ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿದ್ದ ಫೋಟೊವನ್ನೇ ತೀರ್ಥಹಳ್ಳಿಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ತಂದರು. ಗೋಡೆಯ ಮೇಲೆ ಈಗಲೂ ಅಜ್ಜಿ ಸಾಲಕ್ಕೆ ಅರ್ಜಿ ಹಾಕಿದವಳ ಹಾಗೆ ನೋಡುತ್ತಿದ್ದಾಳೆ.

ಆಮೇಲೆ ನಾನು ಆ ಫೋಲ್ಡರ್ ಕೇಳಿ ಪೆನ್‌ಡ್ರೈವಿಗೆ ಹಾಕಿಸಿಕೊಂಡೆ. ಹೆಸರು 'ಸ್ಕಿನ್ ಟೋನ್'. ಎಡಗಡೆಯ ಚಿತ್ರಗಳಲ್ಲಿ ಸುಕ್ಕು, ಮೂಗುಬೊಟ್ಟಿನ ಹೊಳಪು, ಸೆರಗಿನ ಎಳೆ ಎಣಿಸುವಷ್ಟು ಸ್ಪಷ್ಟ. ಅಜ್ಜಿ ಮಾತ್ರ ಬಿಗಿದುಕೊಂಡಿದ್ದಾಳೆ. ಬಲಗಡೆ ರವೆ ರವೆ. ಅಲ್ಲಿ ಅವಳು ಒಂದು ವರ್ಷ ನಗುತ್ತಿದ್ದಾಳೆ, ಒಂದು ವರ್ಷ ಗದರುತ್ತಿದ್ದಾಳೆ, ಇನ್ನೊಂದು ವರ್ಷ ಅರ್ಧ ಎದ್ದು ಬೆಕ್ಕನ್ನು ಓಡಿಸುತ್ತಿದ್ದಾಳೆ.

ಭಾವನಿಗೆ ಫೋನ್ ಮಾಡಿ ಹೇಳಿದೆ: "ನಿಮ್ಮ ಮುಖಭಾವದ ಲೆಕ್ಕ ಸಿಕ್ತು ಭಾವ. ಅದು ಪ್ರೊಸೆಸರ್ ಅಲ್ಲ. ನೀವು ಯಾವಾಗ್ಲೂ ದೊಡ್ಡದರಲ್ಲಿ ಮೊದಲು ತೆಗೀತಿದ್ರಿ. ಎರಡನೆಯದು ತೆಗೆಯೋ ಹೊತ್ತಿಗೆ ಅಜ್ಜಿ ಫೋಟೊ ಮುಗೀತು ಅಂದ್ಕೊಂಡಿರ್ತಿದ್ಲು."

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಹೌದಲ್ಲ ಮಾರಾಯ... ಒಂದು ವರ್ಷವಾದ್ರೂ ಕ್ರಮ ಬದಲಿಸಿ ನೋಡಬೇಕಿತ್ತು," ಅಂದರು. ಮೂಗು ಒರೆಸಿಕೊಂಡ ಸದ್ದಾಯಿತು.

ಈ ಆಷಾಢಕ್ಕೆ ಮಣೆಯ ಮೇಲೆ ಕೂರುವ ಪಾಳಿ ನನ್ನದಂತೆ. ಮೊದಲು ಚಿಕ್ಕದರಲ್ಲಿ, ಆಮೇಲೆ ದೊಡ್ಡದರಲ್ಲಿ. ಅಲ್ಲಿಯ ತನಕ ಗಡ್ಡ ತೆಗೆಯಬಾರದು ಅಂತ ತಾಕೀತು ಬಂದಿದೆ. ಬಿಳಿ ಗಡ್ಡದ ಕೂದಲಿನಲ್ಲೇ ಸೆನ್ಸರಿನ ಬಂಡವಾಳ ಬಯಲಾಗುವುದಂತೆ.