ಸಮುದ್ರವಿಲ್ಲದ ಊರಿನ ಹಡಗು

ನಮ್ಮ ಕಡೆ ಮುಳುಗಿದ ಹಡಗು ಎಂದರೆ ಟೈಟಾನಿಕ್ ಒಂದೇ. ಅದರ ಸಿನಿಮಾ ಬಂದ ಕಾಲದಲ್ಲಿ ಸಮುದ್ರದ ಮುಖ ನೋಡದ ದಾವಣಗೆರೆಯ ಹುಡುಗರೂ ಕೆರೆ ಏರಿಯ ಮೇಲೆ ನಿಂತು ಎರಡೂ ಕೈ ಚಾಚುತ್ತಿದ್ದರು. ಹಿಂದೆ ನಿಂತು ಹಿಡಿದುಕೊಳ್ಳುವವರು ಯಾರೂ ಇರುತ್ತಿರಲಿಲ್ಲ, ಅದು ಬೇರೆ ಮಾತು. ಆ ಹಡಗು ಮುಳುಗಿದ 1912ರ ರಾತ್ರಿ ಸತ್ತವರು ಸುಮಾರು 1,500 ಮಂದಿ. ಅದರ ಆರು ಪಟ್ಟು ಜನರನ್ನು ಒಂದೇ ರಾತ್ರಿ ನುಂಗಿದ ಹಡಗಿನ ಸುದ್ದಿ ನನಗೆ ಸಿಕ್ಕಿದ್ದು ಮಾತ್ರ ಜರ್ಮನಿಯಲ್ಲಿ, ಉಪ್ಪುಗಾಳಿಯೇ ಬೀಸದ ವೋಲ್ಫ್ಸ್‌ಬುರ್ಗ್‌ನಲ್ಲಿ.

ಅಕ್ಕನ ಮಗ ಅಲ್ಲಿ ಕೆಲಸಕ್ಕಿದ್ದಾನೆ. ಕಾರಿನ ಊರು ಅದು. ಊರಿಗೆ ಊರೇ ಫೋಕ್ಸ್‌ವಾಗನ್. ಕಾರ್ಖಾನೆಯ ಅಡುಗೆಮನೆಯಲ್ಲಿ ಮಾಡುವ ಸಾಸೇಜಿಗೂ ಬಿಡಿಭಾಗಗಳಂತೆ ಒಂದು ನಂಬರು ಕೊಟ್ಟಿದ್ದಾರೆ: 199 398 500 ಎ. ಕೆಲವು ವರ್ಷ ಕಾರಿಗಿಂತ ಅದೇ ಹೆಚ್ಚು ತಯಾರಾಗುತ್ತದಂತೆ. ನಾನು ಚಪಾತಿ ಪಲ್ಯದವನು, ನಂಬರು ಓದಿ ತೃಪ್ತನಾದೆ. ಊರಿನ ಇನ್ನೊಂದು ಖ್ಯಾತಿ, ಅತಿವೇಗದ ರೈಲುಗಳ ಚಾಲಕರು ಇಲ್ಲಿ ನಿಲ್ಲಿಸುವುದನ್ನು ಮರೆತು ಮುಂದೆ ಹೋಗಿಬಿಟ್ಟದ್ದು. ಹಾಗಾಗಿದ್ದು ಒಂದು ಸಲವಲ್ಲ. ಜರ್ಮನಿಯಲ್ಲೂ ಹೀಗಾಗುತ್ತದೆಯೆಂದು ತಿಳಿದರೆ ನಮ್ಮವರಿಗೆ ಎಷ್ಟು ಸಮಾಧಾನ!

ಸ್ಟೇಷನ್ನಿನ ಎದುರಿಗೇ ಮಿಟ್ಟೆಲ್‌ಲಾಂಡ್ ಕಾಲುವೆ. ಅದರಲ್ಲಿ ಸರಕಿನ ದೋಣಿಗಳು ಅವಸರವಿಲ್ಲದೆ ಸಾಗುತ್ತವೆ. ಆಚೆ ದಡದಲ್ಲಿ ಕೆಂಪು ಇಟ್ಟಿಗೆಯ ವಿದ್ಯುದಾಗಾರ, ಅದರ ಮೇಲೆ ಸಾಲಾಗಿ ನಾಲ್ಕು ಚಿಮಣಿ. ಕಾಲುವೆಯ ಈಚೆಯಿಂದ ನೋಡಿದರೆ ಹಳೆಯ ಕಾಲದ ದೊಡ್ಡ ಹಡಗೊಂದು ದಡಕ್ಕೆ ಬಂದು ನಿಂತಿದೆ ಅನ್ನಬೇಕು. ಟೈಟಾನಿಕ್‌ಗೂ ನಾಲ್ಕೇ ಚಿಮಣಿ. ಅದರಲ್ಲಿ ನಾಲ್ಕನೆಯದು ಬಾಯ್ಲರಿನ ಹೊಗೆಗಲ್ಲ, ಹೆಚ್ಚಾಗಿ ಗಾಳಿಯಾಡಲಿಕ್ಕೆ ಇಟ್ಟದ್ದು. ಜೊತೆಗೆ ಗತ್ತಿಗೆ.

ಈ ಊರಿಗೂ ಹಡಗಿಗೂ ಇರುವ ನಂಟು ಬರೀ ಚಿಮಣಿಯದಲ್ಲ. 1933ರಲ್ಲಿ ನಾಜಿಗಳು ಕಾರ್ಮಿಕ ಸಂಘಗಳನ್ನು ಮುಚ್ಚಿಸಿ, ಅವುಗಳ ಆಸ್ತಿ ಕಸಿದುಕೊಂಡು, ಅದೇ ವರ್ಷ ಕಾರ್ಮಿಕರ ವಿನೋದ ವಿಹಾರಕ್ಕೆಂದು ‘ಆನಂದದಿಂದ ಶಕ್ತಿ’ ಎಂಬ ಸಂಸ್ಥೆ ತೆರೆದರು. ಅದರ ಜರ್ಮನ್ ಹೆಸರು ಚಿಕ್ಕದಾಗಿ ಕೆಡಿಎಫ್. ಈ ಕೆಡಿಎಫ್‌ಗೆ ಹುಟ್ಟಿದ್ದು ಒಂದು ಹಡಗು, ಒಂದು ಊರು. ಹಡಗು ವಿಲ್ಹೆಲ್ಮ್ ಗುಸ್ಟ್‌ಲೋಫ್, 1937ರ ಮೇ ತಿಂಗಳಲ್ಲಿ ಹ್ಯಾಂಬರ್ಗಿನಲ್ಲಿ ನೀರಿಗಿಳಿಯಿತು. ಊರು 1938ರ ಜುಲೈ 1ರಂದು ಹುಟ್ಟಿತು. ಅದಕ್ಕೆ ಇಟ್ಟ ಹೆಸರು ‘ಫಾಲರ್ಸ್‌ಲೇಬೆನ್ ಬಳಿಯ ಕೆಡಿಎಫ್ ಕಾರಿನ ಪಟ್ಟಣ’. ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವವರ ಪಾಡು ನೆನೆಸಿಕೊಳ್ಳಿ.

ಹಡಗಿನಲ್ಲಿ ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು ಇರಲಿಲ್ಲ. 208 ಮೀಟರ್ ಉದ್ದದ ಹಡಗಿಗೆಲ್ಲ ಒಂದೇ ದರ್ಜೆ. ಲೇತ್ ತಿರುಗಿಸುವವನೂ ಮದೀರಾ ದ್ವೀಪದ ಬಿಸಿಲು ಕಾಯಬಹುದಿತ್ತು. ಈ ಒಂದು ಅಂಶ ನನಗೂ ಹಿಡಿಸಿತು, ಸುಳ್ಳು ಹೇಳಲಾರೆ. ಆದರೆ ಪ್ರಯಾಣಿಕರ ನಡುವೆ ಗುಪ್ತಚರರೂ ಟವೆಲ್ ಹಾಸಿಕೊಂಡು ಮಲಗಿರುತ್ತಿದ್ದರು. 1938ರಲ್ಲಿ ಆಸ್ಟ್ರಿಯಾವನ್ನು ನುಂಗಿದ್ದಕ್ಕೆ ಜನಮತ ಬೇಕಾದಾಗ ಇದೇ ಹಡಗನ್ನು ಇಂಗ್ಲೆಂಡಿನ ಟಿಲ್ಬರಿಗೆ ಒಯ್ದು ಅಲ್ಲಿದ್ದ ಜರ್ಮನರು, ಆಸ್ಟ್ರಿಯನ್ನರಿಗಾಗಿ ತೇಲುವ ಮತಗಟ್ಟೆ ಮಾಡಿದರು. ಮತ ಹಾಕಿದವರಿಗೆ ಊಟವೂ ಸಿಕ್ಕಿರಬೇಕು ಎಂಬುದು ನಮ್ಮ ಚುನಾವಣೆಗಳನ್ನು ಕಂಡ ನನ್ನ ಊಹೆ.

ಊರಿನ ಕಥೆ ಚೀಟಿ ವ್ಯವಹಾರದ್ದು. ವಾರಕ್ಕೆ ಐದು ಮಾರ್ಕ್ ಕೊಟ್ಟು ಸ್ಟಾಂಪು ಕೊಂಡು ಪುಸ್ತಕಕ್ಕೆ ಅಂಟಿಸಬೇಕು, 990 ಮಾರ್ಕ್‌ಗೆ ಕಾರು. ಮೂರು ಲಕ್ಷಕ್ಕೂ ಹೆಚ್ಚು ಜನ ಕಟ್ಟಿದರು. ಒಬ್ಬರಿಗೂ ಕಾರು ಬರಲಿಲ್ಲ. ಯುದ್ಧ ಬಂದು ಕಾರ್ಖಾನೆ ಸೇನೆಗೆ ವಾಹನ ಮಾಡತೊಡಗಿತು. ದುಡಿದವರಲ್ಲಿ ಬಹುಪಾಲು ಆಕ್ರಮಿತ ದೇಶಗಳಿಂದ ಎಳೆತಂದ ಜೀತದವರು.

ಹಡಗೂ ಸೇನೆಗೆ ಹೋಯಿತು. ಮೊದಲು ಆಸ್ಪತ್ರೆಯಾಯಿತು, ಆಮೇಲೆ ಗೋಟೆನ್‌ಹಾಫೆನ್ ಬಂದರಿನಲ್ಲಿ, ಅಂದರೆ ಈಗಿನ ಪೋಲೆಂಡಿನ ಗ್ಡಿನಿಯಾದಲ್ಲಿ, ಸಬ್‌ಮರೀನ್ ಕಲಿಯುವ ಹುಡುಗರ ಹಾಸ್ಟೆಲ್ಲಾಗಿ ಬಿದ್ದಿತ್ತು. 1945ರ ಜನವರಿಯಲ್ಲಿ ಸೋವಿಯತ್ ಸೇನೆ ಹತ್ತಿರ ಬಂದಾಗ ಆಗಿನ ಜರ್ಮನಿಯ ಪೂರ್ವ ಪ್ರಶ್ಯದ ಜನ ಮಂಜಿನಲ್ಲಿ ನಡೆದುಬಂದು ಆ ಬಂದರಿನಲ್ಲಿ ಮುಗಿಬಿದ್ದರು. ಒಂದೂವರೆ ಸಾವಿರ ಪ್ರವಾಸಿಗಳಿಗೆಂದು ಕಟ್ಟಿದ ಹಡಗಿಗೆ ಹತ್ತು ಸಾವಿರದಷ್ಟು ಜನ ಹತ್ತಿದರು. ಹೆಚ್ಚಿನವರು ಹೆಂಗಸರು, ಮಕ್ಕಳು. ನೀರು ಖಾಲಿ ಮಾಡಿದ ಈಜುಕೊಳದಲ್ಲಿ ನೌಕಾದಳದ ಸಹಾಯಕ ಹುಡುಗಿಯರನ್ನು ಮಲಗಿಸಿದ್ದರು. ಹಡಗು ನಡೆಸುವ ಕೋಣೆಯಲ್ಲಿ ನಾಲ್ವರು ಕ್ಯಾಪ್ಟನ್‌ಗಳು, ಯಾವ ದಾರಿ ಹಿಡಿಯಬೇಕೆಂದು ನಾಲ್ವರಿಗೂ ವಾದ. ಎದುರಿನಿಂದ ತಮ್ಮದೇ ಹಡಗುಗಳು ಬರುತ್ತಿವೆ ಎಂಬ ಸುದ್ದಿ ನಂಬಿ ದೀಪ ಹಚ್ಚಿದರು. ಜನವರಿ 30ರ ರಾತ್ರಿ ಒಂಬತ್ತರ ಸುಮಾರಿಗೆ ಎಸ್-13 ಎಂಬ ಸೋವಿಯತ್ ಸಬ್‌ಮರೀನಿನ ಮೂರು ಟಾರ್ಪೆಡೊ ಬಡಿದವು. ಒಂದು ಬಡಿದದ್ದು ಈಜುಕೊಳಕ್ಕೆ. ಹಡಗು ಒಂದು ಗಂಟೆಯೊಳಗೆ ಹೋಯಿತು. ಬದುಕಿದವರು ಸುಮಾರು 1,250. ಸತ್ತವರು ಒಂಬತ್ತು ಸಾವಿರವಿರಬಹುದು ಎನ್ನುತ್ತಾರೆ. ಹತ್ತಿದವರ ಪಟ್ಟಿಯನ್ನೇ ನಡುವೆ ಬಿಟ್ಟುಬಿಟ್ಟಿದ್ದರು.

ಇನ್ನೊಂದು ವಿಚಿತ್ರ ಕೇಳಿ. ಇಂಗ್ಲಿಷರ ದುರಾಸೆ ತೋರಿಸಲೆಂದು ನಾಜಿಗಳೇ ಒಂದು ‘ಟೈಟಾನಿಕ್’ ಸಿನಿಮಾ ತೆಗೆದಿದ್ದರು, 1943ರದು. ಶೂಟಿಂಗ್ ನಡೆದದ್ದು ಇದೇ ಗೋಟೆನ್‌ಹಾಫೆನ್‌ನಲ್ಲಿ, ಕಾಪ್ ಆರ್ಕೋನಾ ಎಂಬ ವಿಲಾಸಿ ಹಡಗಿನ ಮೇಲೆ. ಜನ ಮುಳುಗುವ ಚಿತ್ರ ನೋಡಿದರೆ ಜರ್ಮನರ ಎದೆ ಕುಸಿದೀತೆಂದು ನಾಜಿ ಪ್ರಚಾರ ಮಂತ್ರಿ ಗೋಬೆಲ್ಸ್ ತಾನೇ ಅದನ್ನು ಜರ್ಮನಿಯಲ್ಲಿ ತಡೆದ. ಆ ಕಾಪ್ ಆರ್ಕೋನಾ 1945ರ ಮೇ 3ರಂದು ಬ್ರಿಟಿಷ್ ವಿಮಾನಗಳ ದಾಳಿಗೆ ಸಿಕ್ಕಿತು. ಒಳಗಿದ್ದವರು ನೊಯೆನ್‌ಗಾಮೆ ಯಾತನಾ ಶಿಬಿರದ ಕೈದಿಗಳು, ಸಾವಿರಾರು ಮಂದಿ ಸತ್ತರು. ನೊಯೆನ್‌ಗಾಮೆಯ ಒಂದು ಉಪಶಿಬಿರ ಇದ್ದದ್ದು ಈ ವೋಲ್ಫ್ಸ್‌ಬುರ್ಗ್‌ನಲ್ಲೇ, ಲಾಗ್‌ಬೆರ್ಗ್ ಎಂಬಲ್ಲಿ.

ಇಷ್ಟಾದರೂ ಜಗತ್ತು ಅಳುವುದು ಟೈಟಾನಿಕ್‌ಗೆ. ಅಲ್ಲಿ ಕೋಟ್ಯಧೀಶರಿದ್ದರು, ಬ್ಯಾಂಡಿತ್ತು, ಮುಳುಗುವುದಕ್ಕೆ ಹೆಚ್ಚೂಕಡಿಮೆ ಎರಡೂ ಮುಕ್ಕಾಲು ಗಂಟೆ ಪುರಸೊತ್ತಿತ್ತು. ಗುಸ್ಟ್‌ಲೋಫ್‌ನವರಿಗಾಗಿ ಬಾಯಿಬಿಟ್ಟು ಅಳಲು ಜರ್ಮನರಿಗೇ ಸಂಕೋಚ. ತಮ್ಮವರು ಮಾಡಿದ್ದರ ಲೆಕ್ಕ ಎದುರಿಗಿತ್ತಲ್ಲ. 2002ರಲ್ಲಿ ಗುಂಟರ್ ಗ್ರಾಸ್ ಈ ಹಡಗನ್ನೇ ಹಿಡಿದು ಕಾದಂಬರಿ ಬರೆದ ಮೇಲೆ ಮಾತು ಸ್ವಲ್ಪ ಸಡಿಲವಾಯಿತು. ಸಂಕೋಚ ಸರಿಯಾದದ್ದೇ. ಆದರೆ ಈಜುಕೊಳದಲ್ಲಿ ಮಲಗಿದ್ದ ಹುಡುಗಿಯರನ್ನು ಮರೆಯಲು ಅದು ಸಾಲದು.

ಊರು ಮಾತ್ರ ಜಾಣ. 1945ರ ಮೇ ತಿಂಗಳಲ್ಲೇ ಹಳೆಯ ಹೆಸರು ಕಳಚಿಟ್ಟು, ಪಕ್ಕದ ಕೋಟೆಯ ಹೆಸರು ತೊಟ್ಟುಕೊಂಡು ಬದುಕಿತು. ಚೀಟಿ ಕಟ್ಟಿದವರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. 1961ರಲ್ಲಿ ರಾಜಿಯಾಯಿತು: ಹೊಸ ಕಾರು ಕೊಂಡರೆ 600 ಮಾರ್ಕ್‌ವರೆಗೆ ರಿಯಾಯಿತಿ, ಬೇಡವೆಂದರೆ ನಗದು 100 ಮಾರ್ಕ್. ಹಡಗು ಪೋಲೆಂಡಿನ ಕರೆಯಾಚೆ ನಲವತ್ತೈದು ಮೀಟರ್ ಆಳದಲ್ಲಿದೆ. ಅದನ್ನು ಯುದ್ಧ ಸಮಾಧಿಯೆಂದು ಪರಿಗಣಿಸಿ, ಅಲ್ಲಿ ಯಾರೂ ಮುಳುಗು ಹಾಕಕೂಡದೆಂದು ನಿಷೇಧಿಸಿದ್ದಾರೆ. ಒಳ್ಳೆಯ ಕೆಲಸ ಮಾಡಿದ್ದಾರೆ.